ಹಳೆಯ ವೇಗದ ಕಾರು: ನಾಗಲಮಡಿಕೆ ಸೀಮೆಯಲ್ಲಿ ಕೊಳ್ಳುವ ಮುನ್ನ

ನಾಲ್ಕೈದು ಲಕ್ಷ ರೂಪಾಯಿಗೆ ಎರಡು ಸೀಟಿನ ಅಪ್ಪಟ ಸ್ಪೋರ್ಟ್ಸ್ ಕಾರು ಸಿಗುವುದಿಲ್ಲ. ಆ ಬೆಲೆಯ ಆಸುಪಾಸಿನಲ್ಲಿ ಸಿಗುವುದು ಚುರುಕು ಎಂಜಿನ್ನಿನ ಸಣ್ಣ ಕಾರುಗಳು: ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ, ಮಾರುತಿ ಬಲೆನೊ ಆರ್‌ಎಸ್, ಟಾಟಾ ಟಿಯಾಗೊ ಜೆಟಿಪಿ, ಅಬಾರ್ತ್ ಪುಂಟೊ. ನಾಲ್ಕೂ ಟರ್ಬೊ ಪೆಟ್ರೋಲ್ ಕಾರುಗಳು, ನಾಲ್ಕರ ತಯಾರಿಕೆಯೂ ನಿಂತಿದೆ.

ಮೊದಲು ನೋಡಬೇಕಾದದ್ದು ಕಾರನ್ನಲ್ಲ, ರಿಪೇರಿಯ ದಾರಿಯನ್ನು. ಉತ್ತರ ಪಿನಾಕಿನಿ ದಂಡೆಯ ನಾಗಲಮಡಿಕೆಯಿಂದ ಪಾವಗಡ ಹತ್ತಿರ. ಆದರೆ ಟರ್ಬೊ ಕಾರಿನ ಬಿಡಿಭಾಗಕ್ಕೆ ಹಿಂದೂಪುರಕ್ಕೋ ತುಮಕೂರಿಗೋ ಬೆಂಗಳೂರಿಗೋ ಹೋಗಬೇಕಾಗುತ್ತದೆ. ಅಬಾರ್ತ್ ಪುಂಟೊ 145 ಅಶ್ವಶಕ್ತಿಯ, ಓಡಿಸಲು ಬಲು ಸೊಗಸಾದ ಕಾರು. ಆದರೆ ಅದನ್ನು ತಯಾರಿಸಿದ ಫಿಯೆಟ್ ತನ್ನ ಹೆಸರಿನ ಕಾರುಗಳ ಮಾರಾಟವನ್ನೇ ಭಾರತದಲ್ಲಿ ನಿಲ್ಲಿಸಿದೆ. ಒಂದೇ ಕಾರು ಇಟ್ಟುಕೊಳ್ಳುವ ಮನೆಗೆ ಅದು ತಕ್ಕದ್ದಲ್ಲ. 2013ರಲ್ಲಿ ಬಂದ ಪೋಲೊ ಜಿಟಿ ಟಿಎಸ್‌ಐನ ಏಳು ಗೇರಿನ ಡಿಎಸ್‌ಜಿ ಗೇರ್‌ಬಾಕ್ಸ್ ಕೆಟ್ಟರೆ ರಿಪೇರಿ ಲಕ್ಷ ದಾಟಬಹುದು. ಬಲೆನೊ ಆರ್‌ಎಸ್‌ನ ಗೇರ್ ಕೈಯಲ್ಲಿ ಹಾಕುವಂಥದ್ದು, ಬಾಡಿಯ ಬಹುಪಾಲು ಭಾಗ ಸಾಮಾನ್ಯ ಬಲೆನೊದ್ದೇ. ಬಜೆಟ್ ಬಿಗಿಯಿರುವವರಿಗೆ ಈ ನಾಲ್ಕರಲ್ಲಿ ಅದೇ ಮೇಲು. ಬಜೆಟ್ ಇನ್ನೂ ಬಿಗಿಯಿದ್ದರೆ, ಚೆನ್ನಾಗಿ ಇಟ್ಟುಕೊಂಡ ಸಾಮಾನ್ಯ ಪೆಟ್ರೋಲ್ ಸ್ವಿಫ್ಟ್ ಒಳ್ಳೆಯ ಆಯ್ಕೆ. ಅದರ ಕೆಲಸ ಬಲ್ಲ ಮೆಕ್ಯಾನಿಕ್ ಎಲ್ಲ ಊರಲ್ಲೂ ಇದ್ದಾರೆ. ಯಾವುದನ್ನೇ ಕೊಂಡರೂ ಬೆಲೆಯ ಹತ್ತರಲ್ಲೊಂದು ಪಾಲನ್ನು ಮೊದಲ ವರ್ಷದ ರಿಪೇರಿಗೆ ತೆಗೆದಿಡಬೇಕು.

ಎರಡನೆಯ ಹೆಜ್ಜೆ ಕಾಗದಪತ್ರ. ಪಾವಗಡ ತಾಲ್ಲೂಕನ್ನು ಹೆಚ್ಚುಕಡಿಮೆ ಆಂಧ್ರವೇ ಸುತ್ತುವರಿದಿದೆ. ಮಧುಗಿರಿ ಆರ್‌ಟಿಒದ ಕೆಎ 64 ಕಾರುಗಳ ಜೊತೆಗೆ ಎಪಿ 02, ಎಪಿ 39 ಕಾರುಗಳೂ ಇಲ್ಲಿ ಮಾರಾಟಕ್ಕೆ ಬರುತ್ತವೆ. ಎಪಿ 39 ಎಂಬುದು 2019ರಲ್ಲಿ ಇಡೀ ಆಂಧ್ರಕ್ಕೆಂದು ತಂದ ಸರಣಿ, ಹಾಗಾಗಿ ನಂಬರ್ ನೋಡಿ ಜಿಲ್ಲೆ ಹೇಳಲಾಗದು. ಹೊರರಾಜ್ಯದ ಕಾರು ಅಗ್ಗವೆನಿಸಿದರೂ ಮೂಲ ಆರ್‌ಟಿಒದಿಂದ ಫಾರಂ 28ರಲ್ಲಿ ಎನ್‌ಒಸಿ ಬೇಕು, 12 ತಿಂಗಳು ಮೀರಿ ಇಲ್ಲಿಟ್ಟುಕೊಂಡರೆ ಕರ್ನಾಟಕದ ನಂಬರ್ ಪಡೆಯಬೇಕು, ಜೀವಾವಧಿ ತೆರಿಗೆ ಕಟ್ಟಬೇಕು. ಈ ಮೊತ್ತವನ್ನು ಆರ್‌ಟಿಒದಲ್ಲಿ ಕೇಳಿ ತಿಳಿದು, ಬೆಲೆಗೆ ಸೇರಿಸಿದ ಮೇಲೂ ಅಗ್ಗವಾಗಿದ್ದರೆ ಮಾತ್ರ ಮಾತು ಮುಂದುವರಿಸಬಹುದು. ದೆಹಲಿಯಿಂದ ದಕ್ಷಿಣಕ್ಕೆ ಬರುವ ಕಾರುಗಳಿಗೂ ಇದೇ ಲೆಕ್ಕ. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ವಿಮೆಯ ಅವಧಿ, ಬಾಕಿ ಸಾಲದ ನಮೂದು ನೋಡಬೇಕು. ಆರ್‌ಸಿಯಲ್ಲಿರುವ ಚಾಸಿ, ಎಂಜಿನ್ ನಂಬರ್‌ಗಳನ್ನು ಕಾರಿನ ಮೇಲಿರುವುದರೊಂದಿಗೆ ಅಂಕಿ ಬಿಡದೆ ತಾಳೆ ಹಾಕಬೇಕು. ಸಾಲ ತೀರಿದ್ದರೆ ಬ್ಯಾಂಕಿನ ಸಹಿಯಿರುವ ಫಾರಂ 35 ಕೈಗೆ ಬರಬೇಕು.

ಆಮೇಲೆ ಕಾರಿನ ಪರೀಕ್ಷೆ. ಈ ಸೀಮೆಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ರೇಡಿಯೇಟರ್. ಪಾವಗಡದ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು, ಬೋರ್‌ವೆಲ್ ನೀರು ಗಡಸು. ಕೂಲಂಟ್ ಬದಲು ಅದೇ ನೀರನ್ನು ಹಲವು ವರ್ಷ ಸುರಿದಿದ್ದರೆ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಸುಣ್ಣದಂಥ ಪದರ ಕಟ್ಟುತ್ತದೆ, ಶಾಖ ಹೊರಹೋಗುವುದಿಲ್ಲ. ಸಾಮಾನ್ಯ ಎಂಜಿನ್ ಅದನ್ನು ಒಂದಷ್ಟು ಕಾಲ ತಾಳಿಕೊಂಡೀತು. ಹೆಚ್ಚು ಬಿಸಿಯಲ್ಲಿ ಓಡುವ ಟರ್ಬೊ ಎಂಜಿನ್ ತಾಳುವುದಿಲ್ಲ. ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಕೂಲಂಟ್ ಮುಚ್ಚಳ ತೆಗೆಯಬೇಕು. ಒಳಗೆ ಬಣ್ಣದ ದ್ರವದ ಬದಲು ಬರೀ ನೀರು, ತುಕ್ಕು ಅಥವಾ ಬಿಳಿ ಪೊರೆ ಕಂಡರೆ ಆ ಕಾರು ಬೇಡ. ಆಯಿಲ್ ಮುಚ್ಚಳದ ಒಳಬದಿಯಲ್ಲಿ ಹಾಲು ಬೆರೆತಂಥ ಜಿಡ್ಡಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಶಂಕೆಯಿದೆ.

ಓಡಿಸಿ ನೋಡಲು ತಂಪು ಬೆಳಗಿಗಿಂತ ಮಟಮಟ ಮಧ್ಯಾಹ್ನವೇ ಸರಿ. ಎಸಿ ಹಾಕಿ ನಿಂತಲ್ಲೇ ಹದಿನೈದು ನಿಮಿಷ ಎಂಜಿನ್ ಚಾಲೂ ಇಟ್ಟರೆ ಫ್ಯಾನ್ ಕೆಲಸ ಮಾಡುತ್ತದೆಯೇ, ಬಿಸಿಯ ಮುಳ್ಳು ಮೇಲೇರುತ್ತದೆಯೇ ತಿಳಿಯುತ್ತದೆ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಏರುದಾರಿಯಲ್ಲಿ ನಾಲ್ಕನೇ ಗೇರಿನಲ್ಲಿ ಒತ್ತಿದಾಗ ಎಂಜಿನ್ ಸದ್ದಷ್ಟೇ ಏರಿ ವೇಗ ಏರದಿದ್ದರೆ ಕ್ಲಚ್ ಸವೆದಿದೆ. ಡಿಎಸ್‌ಜಿ ಕಾರು ನಿಂತಲ್ಲಿಂದ ಹೊರಡುವಾಗ ನಡುಗಬಾರದು. ಹಂಪ್ ದಾಟುವಾಗ ತಳ ಉಜ್ಜಿದ ಗುರುತುಗಳನ್ನು ರ‍್ಯಾಂಪ್ ಮೇಲೆ ಹತ್ತಿಸಿ ನೋಡಬೇಕು. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷ: 2319 ಎಂದರೆ 2019ರ 23ನೇ ವಾರ.

ವೇಗದ ಕಾರುಗಳಿಗೇ ಅಂಟಿದ ಒಂದು ತೊಂದರೆಯಿದೆ: ಹಿಂದಿನ ಮಾಲೀಕರು ಶಕ್ತಿ ಹೆಚ್ಚಿಸಲು ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ (ಇಸಿಯು) ಸೆಟ್ಟಿಂಗ್ ಬದಲಿಸಿರುತ್ತಾರೆ, ಅಬ್ಬರದ ಸೈಲೆನ್ಸರ್ ಹಾಕಿರುತ್ತಾರೆ. ಮಾರುವ ಮುಂಚೆ ಸೈಲೆನ್ಸರ್ ತೆಗೆದರೂ ಎಂಜಿನ್ ಸವೆದದ್ದು ಮರಳಿ ಬರದು. ಸ್ಕ್ಯಾನರ್ ಇರುವ ಮೆಕ್ಯಾನಿಕ್‌ನಿಂದ ಪರೀಕ್ಷೆ ಮಾಡಿಸುವ ಶುಲ್ಕ ವ್ಯರ್ಥವಲ್ಲ. ಸರ್ವಿಸ್ ದಾಖಲೆ ಇಲ್ಲದ ಟರ್ಬೊ ಕಾರನ್ನು ಎಷ್ಟೇ ಹೊಳೆದರೂ ಬಿಡುವುದೇ ಲೇಸು.

ಹಣ ಕೊಡುವಾಗ ಫಾರಂ 29 ಮತ್ತು 30ಕ್ಕೆ ಮಾರುವವರ ಸಹಿ ಪಡೆದು, 30 ದಿನದೊಳಗೆ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ಅಪಘಾತವಾದರೆ ಆರ್‌ಸಿಯಲ್ಲಿ ಹೆಸರಿರುವವರೇ ಮಾಲೀಕರು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಹಾಗಾಗಿ ಈ ಆತುರ ಮಾರುವವರಿಗೂ ಬೇಕು. ವಿಮೆಯನ್ನು ಹೊಸ ಹೆಸರಿಗೆ ಬದಲಿಸಲು 14 ದಿನದೊಳಗೆ ಕಂಪನಿಗೆ ತಿಳಿಸಬೇಕು. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ ಕಾರಿನ ಜೊತೆ ಬರುವುದಿಲ್ಲ; ಆ ವ್ಯತ್ಯಾಸದ ಹಣವನ್ನೂ ಕಟ್ಟಬೇಕಾಗುತ್ತದೆ.