ರೇಡಿಯೋ ಗುರುತು: ಆನೆಯ ಚರ್ಮದಿಂದ ಸುಂಕದ ಕಟ್ಟೆಯವರೆಗೆ

ಪ್ರತಿ ವರ್ಷವೂ ದಸರೆಗೆ ಕೆಲವು ವಾರಗಳ ಮುಂಚೆ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಲ್ಲಿ ಆನೆಗಳಿಗೆ ಪೂಜೆ ಸಲ್ಲಿಸಿ ಮೈಸೂರಿಗೆ ಬೀಳ್ಕೊಡುವ ವಾಡಿಕೆಯುಂಟು. ಮತ್ತಿಗೋಡು, ಬಳ್ಳೆ, ದುಬಾರೆ ಮೊದಲಾದ ಶಿಬಿರಗಳ ಈ ಆನೆಗಳನ್ನು ಅವುಗಳ ಮಾವುತರೂ ಕಾವಾಡಿಗಳೂ ನಡಿಗೆಯಿಂದಲೇ ಗುರುತಿಸಬಲ್ಲರು. ಆದರೆ ದೂರದ ಊರಿನ ವೈದ್ಯರೊಬ್ಬರು ಬಂದು, “ಕಾಗದದಲ್ಲಿ ಬರೆದಿರುವ ಆನೆ ಇದೇ ಎಂಬುದಕ್ಕೆ ಪ್ರಮಾಣವೇನು?” ಎಂದು ಕೇಳಿದರೆ ಏನು ಹೇಳುವುದು?

ಈ ಪ್ರಶ್ನೆಗೆ ಉತ್ತರವಾಗಿ ನಮ್ಮ ದೇಶದಲ್ಲಿ 21ನೆಯ ಶತಮಾನದ ಮೊದಲ ದಶಕದಿಂದ ಸಾಕಾನೆಗಳ ಚರ್ಮದಡಿಯಲ್ಲಿ ಮೈಕ್ರೋಚಿಪ್ ಎಂಬ ಸಣ್ಣ ಗಾಜಿನ ಗುಳಿಗೆಯನ್ನು ಸೇರಿಸುವ ಪದ್ಧತಿ ಬೆಳೆದುಬಂದಿದೆ. ಅದರ ಉದ್ದ ಸುಮಾರು 12 ಮಿಲಿಮೀಟರು. ದಪ್ಪ 2 ಮಿಲಿಮೀಟರು. ಒಳಗೆ ಬ್ಯಾಟರಿಯಿಲ್ಲ. ಆದರೂ ಓದುವ ಯಂತ್ರವನ್ನು ಹತ್ತಿರ ಹಿಡಿದೊಡನೆ ಅದು 15 ಅಂಕಿಗಳ ತನ್ನ ಸಂಖ್ಯೆಯನ್ನು ತಿಳಿಸುತ್ತದೆ. ಈ ವಿದ್ಯೆಗೆ ಆರ್‌ಎಫ್‌ಐಡಿ, ಅಂದರೆ ರೇಡಿಯೋ ತರಂಗಗಳಿಂದ ಗುರುತು ಹಿಡಿಯುವ ವಿಧಾನ, ಎಂದು ಹೆಸರು. ಇದರ ಜೀವಾಳ ಆಂಟೆನಾ.

ಬ್ಯಾಟರಿಯಿಲ್ಲದೆ ಉತ್ತರ ಹೇಗೆ?

ಬಿಸಿಲಿನಲ್ಲಿ ಹುಡುಗನೊಬ್ಬನು ಕನ್ನಡಿ ಹಿಡಿದು ಗೆಳೆಯನ ಮುಖಕ್ಕೆ ಬೆಳಕು ಹಾಯಿಸುವುದನ್ನು ನೀವು ನೋಡಿರಬಹುದು. ಬೆಳಕು ಸೂರ್ಯನದು, ಹುಡುಗನು ಕನ್ನಡಿಯನ್ನು ಮುಚ್ಚಿ ತೆರೆದು ಸಂಜ್ಞೆ ಮಾಡುತ್ತಾನೆ, ಅಷ್ಟೆ. ಟ್ಯಾಗ್ ಅಥವಾ ಗುರುತುಬಿಲ್ಲೆ ಮಾಡುವುದೂ ಇದನ್ನೇ. ಓದುಯಂತ್ರವು ತರಂಗಗಳನ್ನು ಬೀರುತ್ತದೆ. ಬಿಲ್ಲೆಯ ಆಂಟೆನಾ ಅದರಲ್ಲಿ ಒಂದಿಷ್ಟು ಶಕ್ತಿಯನ್ನು ಹೀರಿ ಚಿಪ್ಪನ್ನು ಎಚ್ಚರಗೊಳಿಸುತ್ತದೆ. ಎಚ್ಚೆತ್ತ ಚಿಪ್ಪು ತನ್ನ ಸಂಖ್ಯೆಗೆ ತಕ್ಕಂತೆ ಆಂಟೆನಾದ ಪ್ರತಿಫಲನವನ್ನು ಹೆಚ್ಚುಕಡಿಮೆ ಮಾಡುತ್ತದೆ. ಈ ಏರಿಳಿತವನ್ನು ಓದುಯಂತ್ರವು ಅಂಕಿಗಳಾಗಿ ತಿಳಿಯುತ್ತದೆ.

ಪ್ರತಿಫಲಿತ ಶಕ್ತಿಯಿಂದ ಸಂದೇಶ ಕಳುಹಿಸಬಹುದೆಂದು ಹ್ಯಾರಿ ಸ್ಟಾಕ್‌ಮನ್ ಎಂಬುವರು 1948ರಲ್ಲಿಯೇ ಲೇಖನ ಬರೆದಿದ್ದರು. ಚಿಕ್ಕ ಚಿಪ್ಪುಗಳು ಬರುವವರೆಗೆ ಅದು ಕಾಯಬೇಕಾಯಿತು. 1970ರ ದಶಕದಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದವರು ಈ ಬಗೆಯ ಬಿಲ್ಲೆಗಳನ್ನು ಪ್ರಯೋಗಿಸಿದ್ದು ದನಗಳ ಗುರುತಿಗಾಗಿ ಎಂಬುದು ಗಮನಾರ್ಹ.

ತರಂಗಕ್ಕೆ ತಕ್ಕ ಆಂಟೆನಾ

1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಬಾನುಲಿ ಕೇಂದ್ರ ತೆರೆದ ಮೈಸೂರಿನಿಂದ ಇಂದು 100.6 ಮೆಗಾಹರ್ಟ್ಸಿನಲ್ಲಿ ಆಕಾಶವಾಣಿ ಕೇಳಿಬರುತ್ತದೆ. ಆ ತರಂಗದ ಉದ್ದ ಸುಮಾರು 3 ಮೀಟರು. ತರಂಗದ ಉದ್ದದ ಅರ್ಧದಷ್ಟಿರುವ ತಂತಿ ಒಳ್ಳೆಯ ಆಂಟೆನಾ ಆಗುತ್ತದೆ. ನಮ್ಮ ದೇಶದಲ್ಲಿ ದೂರದಿಂದ ಓದುವ ಬಿಲ್ಲೆಗಳಿಗೆ 865ರಿಂದ 868 ಮೆಗಾಹರ್ಟ್ಸ್ ನಿಗದಿಯಾಗಿದೆ. ಇಲ್ಲಿ ತರಂಗದ ಉದ್ದ ಸುಮಾರು 35 ಸೆಂಟಿಮೀಟರು. ಅದರ ಅರ್ಧ 17. ಲೋಹದ ಗೆರೆಯನ್ನು ಅಂಕುಡೊಂಕಾಗಿ ಮಡಿಚಿದರೆ ಅದು ಅಂಗೈಯಗಲದ ಚೀಟಿಯಲ್ಲಿ ಅಡಗುತ್ತದೆ.

ಆನೆಯ ಗುಳಿಗೆ ಕೆಲಸ ಮಾಡುವುದು 134.2 ಕಿಲೋಹರ್ಟ್ಸಿನಲ್ಲಿ. ಆ ತರಂಗದ ಉದ್ದ ಎರಡು ಕಿಲೋಮೀಟರಿಗೂ ಮಿಗಿಲು! ಅದರ ಅರ್ಧದಷ್ಟು ತಂತಿಯನ್ನು ಗುಳಿಗೆಯಲ್ಲಿಡುವುದು ಅಸಾಧ್ಯ. ಆದ್ದರಿಂದ ಇಲ್ಲಿ ಫ್ಯಾರಡೆಯು 1831ರಲ್ಲಿ ಕಂಡುಹಿಡಿದ ಕಾಂತಪ್ರೇರಣೆಯನ್ನೇ ಆಶ್ರಯಿಸುತ್ತಾರೆ. ಓದುಯಂತ್ರದ ಸುರುಳಿಯೂ ಗುಳಿಗೆಯ ಸುರುಳಿಯೂ ಟ್ರಾನ್ಸ್‌ಫಾರ್ಮರಿನ ಎರಡು ಸುತ್ತುಗಳಂತೆ ವರ್ತಿಸುತ್ತವೆ. ಇದನ್ನು ಓದಲು ತೀರ ಹತ್ತಿರ ಹೋಗಬೇಕು. ಆದರೆ ನೀರಿನಂಶವುಳ್ಳ ಮಾಂಸದ ಮೂಲಕ ಈ ಕಾಂತಕ್ಷೇತ್ರವು ನಿರಾತಂಕವಾಗಿ ಹಾಯುತ್ತದೆ. 866 ಮೆಗಾಹರ್ಟ್ಸಿನ ತರಂಗವನ್ನಾದರೋ ನೀರು ಹೀರಿಬಿಡುತ್ತದೆ. ಪ್ರಾಣಿಗೆ ಒಂದು, ವಾಹನಕ್ಕೆ ಇನ್ನೊಂದು ಏಕೆಂಬುದು ಇದರಿಂದ ಸ್ಪಷ್ಟ.

ಬಳಕೆಗಳು

ಕೃಷ್ಣರಾಜನಗರದ ಅಕ್ಕಿಯನ್ನು ಹೊತ್ತ ಲಾರಿಯೊಂದು ಮೈಸೂರಿನ ಮಾರ್ಗವಾಗಿ ಬೆಂಗಳೂರಿಗೆ ಹೊರಟಿದೆಯೆನ್ನೋಣ. ಹೆದ್ದಾರಿಯಲ್ಲಿ ಶ್ರೀರಂಗಪಟ್ಟಣದ ಬಳಿ ಗಣಂಗೂರಿನ ಸುಂಕದ ಕಟ್ಟೆ ಸಿಗುತ್ತದೆ. 2021ರ ಫೆಬ್ರವರಿಯಿಂದ ರಾಷ್ಟ್ರೀಯ ಹೆದ್ದಾರಿಗಳ ಇಂಥ ಕಟ್ಟೆಗಳ ಎಲ್ಲ ಸಾಲುಗಳೂ ಫಾಸ್ಟ್ಯಾಗ್ ಸಾಲುಗಳಾಗಿವೆ. ಮೇಲಿನ ಆಂಟೆನಾ 4 ವಾಟಿನಷ್ಟು ಪ್ರಬಲವಾಗಿ ಬೀರಿದರೂ, 5 ಮೀಟರು ದೂರದ ಬಿಲ್ಲೆಗೆ ದಕ್ಕುವುದು ಆದರ್ಶ ಸ್ಥಿತಿಯಲ್ಲಿ ಒಂದು ವಾಟಿನ ಹತ್ತು ಸಾವಿರದಲ್ಲಿ ಎರಡು ಭಾಗ ಮಾತ್ರ. ಚಿಪ್ಪಿಗೆ ಅದರಲ್ಲಿ ಸ್ವಲ್ಪವೇ ಸಾಕು. ದೂರ ಇಮ್ಮಡಿಯಾದರೆ ಹೋಗುವ ಶಕ್ತಿ ನಾಲ್ಕರಲ್ಲೊಂದಾಗುತ್ತದೆ, ಹಿಂದಿರುಗುವಾಗ ಮತ್ತೆ ನಾಲ್ಕರಲ್ಲೊಂದು, ಒಟ್ಟು ಹದಿನಾರರಲ್ಲೊಂದು. ದೂರಕ್ಕೆ ಮಿತಿ ಬೀಳುವುದು ಹೀಗೆ.

ಗ್ರಂಥಾಲಯದ ಪುಸ್ತಕದ ಬಿಲ್ಲೆಗೂ, 2011ರಲ್ಲಿ ಸಂಚಾರ ಆರಂಭಿಸಿದ ಬೆಂಗಳೂರಿನ ಮೆಟ್ರೋ ರೈಲಿನ ಕಾರ್ಡಿಗೂ 13.56 ಮೆಗಾಹರ್ಟ್ಸ್ ಒಪ್ಪುತ್ತದೆ. ಅಲ್ಲಿ ದೂರದ ಓದು ಬೇಕಿಲ್ಲ. ಪಕ್ಕದವನ ಕಾರ್ಡಿನಿಂದ ಹಣ ಕಳೆಯಬಾರದಷ್ಟೆ! ಬಟ್ಟೆಯ ಮಳಿಗೆಗಳೂ ಉಗ್ರಾಣಗಳೂ ಫಾಸ್ಟ್ಯಾಗಿನ ಜಾತಿಯ ಬಿಲ್ಲೆಯನ್ನೇ ಬಳಸುತ್ತವೆ. ಒಂದು ಕ್ಷಣದಲ್ಲಿ ನೂರಾರು ವಸ್ತುಗಳನ್ನು ಪೆಟ್ಟಿಗೆ ತೆರೆಯದೆ ಎಣಿಸಬಹುದು.

ಎಲ್ಲೆಡೆಯೂ ಇದು ಸುಲಭವೆಂದು ತಿಳಿಯಬಾರದು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ರೈತರು ಬ್ಯಾರನ್‌ಗಳಲ್ಲಿ ಹದಮಾಡಿದ ಹೊಗೆಸೊಪ್ಪನ್ನು ಬೇಲುಗಳಾಗಿ ಕಟ್ಟಿ ಹರಾಜು ಕಟ್ಟೆಗೆ ತರುತ್ತಾರೆ. ಅಂಥ ಬೇಲುಗಳನ್ನು ಒತ್ತೊತ್ತಾಗಿ ಪೇರಿಸಿ ಒಳಗಿನದರ ಬಿಲ್ಲೆಯನ್ನು ಓದಹೊರಟರೆ, ಸೊಪ್ಪಿನ ತೇವ ಅಡ್ಡಬರುತ್ತದೆ. ಲೋಹದ ಡಬ್ಬಿಗೆ ಅಂಟಿಸಿದರೆ ಆಂಟೆನಾದ ಶ್ರುತಿಯೇ ಕೆಡುತ್ತದೆ. ನಡುವೆ ಲೋಹವಲ್ಲದ ಪದರವೊಂದನ್ನು ಇಡಬೇಕು. ಮೂಟೆಗಳು ಹೇಗೆಂದರೆ ಹಾಗೆ ಬಿದ್ದಿರುವುದರಿಂದ, ಓದುಯಂತ್ರದ ತರಂಗವನ್ನು ತಿರುಪಿನಂತೆ ಸುತ್ತುತ್ತ ಹೊರಡುವಂತೆ ಮಾಡುತ್ತಾರೆ.

ಗುರುತಿನ ಮಿತಿ

ಹಸುವಿನ ಕಿವಿಯಲ್ಲಿ ಕಾಣುವ 12 ಅಂಕಿಗಳ ಹಳದಿ ಬಿಲ್ಲೆಯನ್ನು ಕಣ್ಣಿನಿಂದಲೇ ಓದಬಹುದು. ಕೆಸರು ಮೆತ್ತಿದರೆ ತೊಳೆಯಬೇಕು. ರೇಡಿಯೋ ಬಿಲ್ಲೆಗೆ ಕೆಸರಿನ ಅಂಜಿಕೆ ಕಡಿಮೆ. ಆದರೆ ಎರಡೂ ಪ್ರಾಣಿ ಎಲ್ಲಿದೆಯೆಂದು ಹೇಳಲಾರವು. ಅದನ್ನು ತಿಳಿಯಲು ಬ್ಯಾಟರಿಯುಳ್ಳ ರೇಡಿಯೋ ಕೊರಳಪಟ್ಟಿ ಬೇಕು. ಅದನ್ನು ತೊಡಿಸಲು ಕಾಡಾನೆಯನ್ನು ಮತ್ತಿನ ಮದ್ದು ಕೊಟ್ಟು ತಡೆಯಬೇಕು. ಸಾಕಾನೆಗಳ ನೆರವು ಬೇಕು. ಕಾಡಾನೆಗಳನ್ನು ಎದುರಿಸುವ ಕೆಲಸ ಎಷ್ಟು ಕಠಿಣವೆಂಬುದನ್ನು ಈ ಸೀಮೆಯವರು ಬಲ್ಲರು. 2012ರಿಂದ 2019ರವರೆಗೆ ದಸರೆಯ ಅಂಬಾರಿ ಹೊತ್ತ, ಬಳ್ಳೆ ಶಿಬಿರದ ಅರ್ಜುನನು 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನಲ್ಲಿ ನಡೆದ ಕಾಡಾನೆ ಕಾರ್ಯಾಚರಣೆಯಲ್ಲಿ ಪ್ರಾಣ ತೆತ್ತನು.

ಇನ್ನೊಂದು ಮಿತಿಯೂ ಉಂಟು. ಗುಳಿಗೆ ಹೇಳುವುದು ತನ್ನ ಸಂಖ್ಯೆಯನ್ನೇ ಹೊರತು ಆನೆಯ ಗುರುತನ್ನಲ್ಲ. ಸಂಖ್ಯೆಯ ಮುಂದೆ ಯಾವ ಆನೆಯ ವಿವರ ಬರೆದಿದೆಯೋ ಆ ಕಡತ ಸುಳ್ಳಾದರೆ ಯಂತ್ರದ ಓದೂ ಸುಳ್ಳಾಗುವುದು. ಸಾಕಾನೆಗಳ ವರ್ಗಾವಣೆಯ ಕುರಿತ ಕೇಂದ್ರ ಸರ್ಕಾರದ 2024ರ ನಿಯಮಗಳು ಆನೆಯ ಡಿಎನ್‌ಎ ವಿವರವನ್ನೂ ದಾಖಲಿಸಬೇಕೆನ್ನುತ್ತವೆ. ಅದನ್ನು ಆನೆಯ ಮೈಯಿಂದ ಬೇರ್ಪಡಿಸಲಾಗದು.

ಆದ್ದರಿಂದ ಮುಂದಿನ ಗಜಪಯಣದಲ್ಲಿ ಓದುಯಂತ್ರವು 15 ಅಂಕಿಗಳನ್ನು ತೋರಿಸಿದರೂ, ಪಕ್ಕದಲ್ಲಿ ನಿಂತ ಮಾವುತನನ್ನೂ ಒಂದು ಮಾತು ಕೇಳುವುದು ಒಳ್ಳೆಯದು. ಎರಡು ಉತ್ತರಗಳೂ ಕೂಡಿಬಂದರೆ ಗುರುತು ಗಟ್ಟಿ.