ಬೆನ್ನೆಲುಬು ಮತ್ತು ಪ್ರೀತಿ ಶ್ರೀನಿವಾಸನ್

ಓದುವ ಮುಂಚೆ ಒಂದು ಕೆಲಸ ಮಾಡಿ. ಕತ್ತಿನ ಹಿಂದೆ ಕೈ ಇಟ್ಟು ಕೆಳಗೆ ಸವರಿ ನೋಡಿ. ಗಂಟು ಗಂಟಾಗಿ ಸಿಗುತ್ತಲ್ಲ, ಅವೇ ಬೆನ್ನೆಲುಬಿನ ಮಣಿಗಳು. ಕತ್ತಿನಲ್ಲಿ 7, ಬೆನ್ನಿನಲ್ಲಿ 12, ಸೊಂಟದಲ್ಲಿ 5, ಅದರ ಕೆಳಗೂ ಇವೆ. ಈ ಮಣಿಗಳ ಒಳಗೆ ಮಿದುಳುಬಳ್ಳಿ ಇದೆ. ಮಿದುಳು 'ಕಾಲು ಎತ್ತು' ಅಂದರೆ ಆ ಮಾತು ಕಾಲಿಗೆ ಹೋಗುವುದು ಇದರ ಮೂಲಕವೇ. ಕಂಬದ ತಂತಿ ಕಿತ್ತುಹೋದರೆ ಮನೆಯ ಬಲ್ಬು ಚೆನ್ನಾಗಿದ್ದರೂ ಉರಿಯಲ್ಲ. ಹಾಗೆಯೇ ಮಿದುಳುಬಳ್ಳಿಗೆ ಜೋರಾಗಿ ಪೆಟ್ಟಾದರೆ ಅದರ ಕೆಳಗಿನ ಅಂಗಗಳು ಮಾತು ಕೇಳುವುದಿಲ್ಲ. ಸೊಂಟದ ಹತ್ತಿರ ಆದರೆ ಕಾಲು ಹೋಗುತ್ತೆ, ಕತ್ತಿನಲ್ಲಿ ಆದರೆ ಕೈಕಾಲು ಎರಡೂ. ಮುರಿದ ಮೂಳೆ ಕೂಡಿಕೊಳ್ಳುತ್ತೆ, ಮಿದುಳುಬಳ್ಳಿ ಹಾಗೆ ಕೂಡಿಕೊಳ್ಳಲ್ಲ.

ಪ್ರೀತಿ ಶ್ರೀನಿವಾಸನ್ ಅವರಿಗೆ ಹೀಗೇ ಆಯಿತು. ಅವರು ತಮಿಳುನಾಡಿನವರು, 1979ರಲ್ಲಿ ಹುಟ್ಟಿದರು. 19 ವರ್ಷದೊಳಗಿನ ಹುಡುಗಿಯರ ರಾಜ್ಯ ಕ್ರಿಕೆಟ್ ತಂಡಕ್ಕೆ ಅವರೇ ಕ್ಯಾಪ್ಟನ್. ಒಳ್ಳೆಯ ಈಜುಗಾರ್ತಿ ಕೂಡ. 1998ರ ಜುಲೈನಲ್ಲಿ ಕಾಲೇಜಿನ ಪ್ರವಾಸ ಹೋದಾಗ ಪಾಂಡಿಚೇರಿ ಸಮುದ್ರದ ದಡದ ನೀರಿನಲ್ಲಿ ನಿಂತಿದ್ದರು. ಕಾಲ ಕೆಳಗಿನ ಮರಳು ಜಾರಿತು. ಬೀಳುವ ಹಾಗಾದಾಗ ನೀರಿಗೆ ಧುಮುಕಿದರು. ತಲೆ ನೀರಿನೊಳಗೆ ಹೋದ ಕೂಡಲೇ ಕರೆಂಟು ಹೊಡೆದ ಹಾಗಾಯಿತಂತೆ. ಅಷ್ಟೇ, ಕತ್ತಿನ ಕೆಳಗೆ ಏನೂ ಆಡಲಿಲ್ಲ. ಆಗ ಅವರಿಗೆ 18 ವರ್ಷ. ಅಷ್ಟು ಚೆನ್ನಾಗಿ ಈಜು ಬರುವವರಿಗೇ ಹೀಗಾಯ್ತು. ಬೇಸಿಗೆ ರಜೆಯಲ್ಲಿ ಕೆರೆ ಏರಿಯಿಂದ ತಲೆಕೆಳಗಾಗಿ ಹಾರುವವರು (ಹೆಸರು ಬರೆಯಲ್ಲ, ಅವರಿಗೇ ಗೊತ್ತು) ಇದನ್ನು ಎರಡು ಸಲ ಓದಬೇಕು.

ಇನ್ನೊಂದು ಮಾತು. ನಮ್ಮೂರಲ್ಲಿ ಯಾರಾದರೂ ಮರದಿಂದ ಬಿದ್ದರೆ ಒಬ್ಬರು ಕೈ, ಒಬ್ಬರು ಕಾಲು ಹಿಡಿದು ಎತ್ತಿ ಕೂರಿಸಿ ನೀರು ಕುಡಿಸ್ತಾರೆ. ಅದು ತಪ್ಪು. ಕತ್ತು ಅಲುಗಾಡಿದರೆ ಒಳಗಿನ ಬಳ್ಳಿಗೆ ಇನ್ನೂ ಪೆಟ್ಟಾಗಬಹುದು. ತಲೆಯನ್ನು ಎರಡೂ ಕೈಯಲ್ಲಿ ನೇರವಾಗಿ ಹಿಡಿದು ಮಲಗಿದ ಹಾಗೇ ಬಿಡಬೇಕು, 108ಕ್ಕೆ ಫೋನ್ ಮಾಡಬೇಕು. ಸಾಗಿಸಲೇಬೇಕಾದರೆ ಹಲಗೆ ಬೇಕು, ನಾಲ್ಕೈದು ಜನ ಬೇಕು, ಎಲ್ಲರೂ ಒಟ್ಟಿಗೆ ಎತ್ತಬೇಕು.

ಪ್ರೀತಿಯವರಿಗೆ ಆಟ ಹೋಯಿತು. ಓದಾದರೂ ಓದೋಣ ಅಂತ ಮನೆಯಿಂದಲೇ ಕಲಿಯುವ ಮನಃಶಾಸ್ತ್ರದ ಕೋರ್ಸಿಗೆ ಸೇರಲು ಕೇಳಿದರು. 'ಇಲ್ಲಿ ಲಿಫ್ಟ್ ಇಲ್ಲ, ಇಳಿಜಾರು ದಾರಿ ಇಲ್ಲ, ಸೇರಬೇಡಿ' ಅಂದರಂತೆ. ಇದನ್ನು ಓದಿದಾಗ ನನಗೆ ಸಮುದ್ರಕ್ಕಿಂತ ಇವರ ಮೇಲೇ ಸಿಟ್ಟು ಬಂತು. ಸಮುದ್ರಕ್ಕೇನು ಗೊತ್ತು? ಕಟ್ಟಡ ಕಟ್ಟಿದವರು ಮನುಷ್ಯರಲ್ಲವೇ?

2007ರಲ್ಲಿ ಅವರ ತಂದೆ ತೀರಿಕೊಂಡರು. ಅಲ್ಲಿಂದ ತಾಯಿಯೇ ಎಲ್ಲಾ ನೋಡಿಕೊಂಡರು. ತಮ್ಮ ಹಾಗೆ ಬೆನ್ನೆಲುಬಿಗೆ ಪೆಟ್ಟಾದ ಎಷ್ಟೋ ಜನ, ಅದರಲ್ಲೂ ಹೆಣ್ಣುಮಕ್ಕಳು, ನೋಡಿಕೊಳ್ಳುವವರಿಲ್ಲದೆ ಮನೆಯ ಮೂಲೆಯಲ್ಲೇ ಇದ್ದಾರೆ ಅಂತ ಪ್ರೀತಿಯವರಿಗೆ ತಿಳಿಯಿತು. 2013ರಲ್ಲಿ ತಿರುವಣ್ಣಾಮಲೈಯಲ್ಲಿ 'ಸೋಲ್‌ಫ್ರೀ' ಎಂಬ ಸಂಸ್ಥೆ ಶುರುಮಾಡಿದರು. (ನಾನು ಮೊದಲು 'ಸೋಲು' ಅಂತ ಓದಿದ್ದೆ. ಇಂಗ್ಲಿಷಿನಲ್ಲಿ ಸೋಲ್ ಅಂದರೆ ಆತ್ಮ ಅಂತೆ.) ಸಂಸ್ಥೆ ಇಂಥವರಿಗೆ ಗಾಲಿಕುರ್ಚಿ ಕೊಡಿಸುತ್ತೆ, ಹಣದ ಸಹಾಯ ಮಾಡುತ್ತೆ. ಪ್ರೀತಿಯವರು ಗಾಲಿಕುರ್ಚಿಯಲ್ಲೇ ಕೂತು ಊರೂರಲ್ಲಿ ಭಾಷಣ ಮಾಡುತ್ತಾರೆ. ಮನಃಶಾಸ್ತ್ರವನ್ನೂ ಓದಿ ಮುಗಿಸಿದರು.

2016ರಲ್ಲಿ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂತು. ಅಂಗವಿಕಲ ಮಕ್ಕಳು ಶಾಲೆಯ ಕಟ್ಟಡದೊಳಗೆ ಬರುವ ಹಾಗೆ ಇರಬೇಕು ಅಂತ ಅದರಲ್ಲಿದೆ. ಇಳಿಜಾರಿನ ಲೆಕ್ಕ ಸುಲಭ: 1 ಅಡಿ ಎತ್ತರಕ್ಕೆ 12 ಅಡಿ ಉದ್ದ. ನಮ್ಮ ಶಾಲೆಯ ಮುಂದೆ ಮೂರು ಮೆಟ್ಟಿಲಿವೆ. ಸ್ಕೇಲ್ ಇಟ್ಟು ನೋಡಿದೆ, ಒಂದೊಂದೂ 6 ಅಂಗುಲ. ಒಟ್ಟು ಒಂದೂವರೆ ಅಡಿ. ಹಾಗಾದರೆ 18 ಅಡಿ ಬೇಕು. ನಾವು ಮೂವರು ಹಗ್ಗ ಹಿಡಿದು ಬಾಗಿಲಿಂದ ಅಳೆದೆವು. ಬೇವಿನ ಮರದ ಕಟ್ಟೆಗಿಂತ ಈಚೆಗೇ ಮುಗಿಯುತ್ತೆ. ಜಾಗ ಇದೆ.