ಆಗಸ್ಟ್ ತಿಂಗಳು ಕುಡಿಯದೆ, ಜೊತೆಗೊಬ್ಬರಿದ್ದು



ಮಾರ್ಕನ ಶುಭಸಂದೇಶದ 2ನೇ ಅಧ್ಯಾಯದಲ್ಲಿ ಬರುವ ಪಾರ್ಶ್ವವಾಯು ರೋಗಿಯ ಕಥೆ ನಮಗೆಲ್ಲ ಗೊತ್ತು. ನಾಲ್ಕು ಜನ ಅವನನ್ನು ಹೊತ್ತು ತಂದರು. ಬಾಗಿಲಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಾಡು ತೆಗೆದು ಹಾಸಿಗೆ ಸಮೇತ ಕೆಳಗಿಳಿಸಿದರು. ಯೇಸುಸ್ವಾಮಿ ನೋಡಿದ್ದು ಹೊತ್ತು ತಂದವರ ವಿಶ್ವಾಸವನ್ನು ಎನ್ನುವುದು ಆ ಕಥೆಯ ವಿಶೇಷ. ಕಳೆದ ವರ್ಷದ ಆಗಸ್ಟ್‌ವರೆಗೆ ಈ ಭಾಗ ಓದಿದಾಗಲೆಲ್ಲ ನಾನು ನನ್ನನ್ನು ಆ ನಾಲ್ವರಲ್ಲಿ ಒಬ್ಬನೆಂದೇ ಎಣಿಸಿಕೊಂಡಿದ್ದೆ. ಹಾಸಿಗೆಯ ಮೇಲೆ ಮಲಗಿರುವವನು ನಾನೂ ಆಗಬಹುದು ಎಂದು ಹೊಳೆದಿರಲಿಲ್ಲ.

ಕಳೆದ ಆಗಸ್ಟ್‌ನಲ್ಲಿ ನಮ್ಮ ಧರ್ಮಕೇಂದ್ರದ ಹನ್ನೆರಡು ಜನ 31 ದಿನ ಕುಡಿಯುವುದಿಲ್ಲ ಎಂದು ಹೆಸರು ಬರೆಸಿದೆವು. (ಹನ್ನೆರಡು ಎಂದ ಕೂಡಲೇ ಫಾದರ್ ನಕ್ಕು, ಅದರಲ್ಲಿ ಪೇತ್ರ ಯಾರು ಎಂದು ಕೇಳಿದ್ದರು.) ಇಬ್ಬಿಬ್ಬರಂತೆ ಆರು ಜೋಡಿ ಮಾಡಿದೆವು. ನಿಯಮ ಒಂದೇ: ಸಂಜೆ ಏಳು ಗಂಟೆಗೆ ಒಬ್ಬರು ಇನ್ನೊಬ್ಬರಿಗೆ ಫೋನ್ ಮಾಡಿ, "ಇವತ್ತು ಹೇಗಾಯ್ತು?" ಎಂದು ಕೇಳಬೇಕು. ಬೋಧನೆ ಮಾಡಬಾರದು. ಏಳು ಗಂಟೆಯನ್ನೇ ಆರಿಸಲು ಕಾರಣವಿದೆ. ಟಾಸ್ಮಾಕ್ ಅಂಗಡಿ ಮಧ್ಯಾಹ್ನ 12ರಿಂದ ರಾತ್ರಿ 10ರವರೆಗೆ ತೆರೆದಿರುತ್ತದೆ. ಆದರೆ ಹೊಸೂರಿನ ಫ್ಯಾಕ್ಟರಿಗಳಲ್ಲಿ ಜನರಲ್ ಶಿಫ್ಟ್ ಮುಗಿಸಿ ಬರುವವನ ಕಾಲು ಮನೆಯ ಕಡೆಗೋ ಅಂಗಡಿಯ ಕಡೆಗೋ ಎಂದು ತೀರ್ಮಾನವಾಗುವುದು ಆರರಿಂದ ಎಂಟರೊಳಗೆ.

ನನ್ನ ಜೋಡಿ ತಮಿಳು ಬಲಿಪೂಜೆಗೆ ಬರುವ, ನನ್ನ ತಂದೆಯ ವಯಸ್ಸಿನ ಲಾರಿ ಚಾಲಕರು. ನಾನು ಶನಿವಾರ ಸ್ನೇಹಿತರ ಜೊತೆ ಬಿಯರ್ ಕುಡಿಯುವವನು ಅಷ್ಟೇ. ಹಾಗಾಗಿ ಸಹಾಯ ಬೇಕಾದದ್ದು ಅವರಿಗೆ, ಕೊಡುವವನು ನಾನು ಎಂದುಕೊಂಡಿದ್ದೆ. ಒಂಬತ್ತನೇ ದಿನ ಸಂಬಂಧಿಕರ ಮದುವೆ. ಆರತಕ್ಷತೆಯ ಹಿಂದೆ ಕಾರಿನ ಡಿಕ್ಕಿ ತೆರೆದಿತ್ತು. ಒಂದೇ ಎಂದು ಶುರುವಾದದ್ದು ಮೂರಾಯಿತು. ಹನ್ನೆರಡು ಜನರಲ್ಲಿ ಮೊದಲು ಜಾರಿದವನು ಯುವ ಸಂಯೋಜಕನೇ. ಅಷ್ಟಕ್ಕೇ ನಿಲ್ಲಲಿಲ್ಲ. ಮರುದಿನ ಏಳು ಗಂಟೆಗೆ ಅವರು ಕೇಳಿದಾಗ "ಚೆನ್ನಾಗಾಯ್ತಣ್ಣ" ಎಂದೆ. ಅದರ ಮರುದಿನವೂ ಹಾಗೆಯೇ ಹೇಳಿದೆ.

ಮೂರನೇ ದಿನ ತಡೆಯಲಾರದೆ ಹೇಳಿಬಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ತಮಿಳು ಬೆರೆತ ಕನ್ನಡದಲ್ಲಿ, "ನಿನ್ನೆ ನಾನು ಅಂಗಡಿ ಮುಂದೆ ನಿಂತಿದ್ದೆ ತಂಬಿ. ಏಳು ಗಂಟೆಗೆ ನಿನಗೆ ಏನು ಹೇಳೋದು ಅಂತ ವಾಪಸ್ ಬಂದೆ" ಎಂದರು. ನಾನು ಸುಳ್ಳು ಹೇಳಿದ ಸಂಜೆಯೇ ನನ್ನ ಫೋನ್ ಅವರನ್ನು ಉಳಿಸಿತ್ತು. ಅವತ್ತಿನಿಂದ ಮತ್ತೆ ಒಂದು ಎಂದು ಎಣಿಕೆ ಶುರು ಮಾಡಬೇಕೇ ಎಂದು ಕೇಳಿದೆ. ಎಣಿಕೆ ಕ್ಯಾಲೆಂಡರಿನದು, ನಾಳೆ ಫೋನ್ ಮಾಡು ಸಾಕು ಎಂದರು.

ಇದರ ಹಿಂದೆ ಒಂದು ಹಳೆಯ ಅನುಭವವಿದೆ. 1935ರಲ್ಲಿ ಬಿಲ್ ವಿಲ್ಸನ್ ಎಂಬ ಅಮೆರಿಕದ ವ್ಯಕ್ತಿ, ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದಾಗ, ವ್ಯವಹಾರಕ್ಕೆಂದು ಆಕ್ರನ್ ಎಂಬ ಊರಿಗೆ ಹೋಗಿದ್ದ. ಕೆಲಸ ಕೆಟ್ಟಿತು. ಹೋಟೆಲಿನಲ್ಲಿ ಒಂದು ಕಡೆ ಬಾರ್, ಇನ್ನೊಂದು ಕಡೆ ಟೆಲಿಫೋನ್. ಅವನು ಊರಿನ ದೇವಾಲಯಗಳಿಗೆ ಫೋನ್ ಮಾಡಿ, ಮಾತಾಡಲು ಒಬ್ಬ ಕುಡುಕ ಸಿಗುತ್ತಾನೆಯೇ ಎಂದು ವಿಚಾರಿಸಿದ. ಸಿಕ್ಕಿದವರು ಡಾ. ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯ. ಇಬ್ಬರ ಆ ಮಾತುಕತೆಯಿಂದ ಹುಟ್ಟಿದ್ದೇ ಆಲ್ಕೋಹಾಲಿಕ್ಸ್ ಅನಾನಿಮಸ್. ಇನ್ನೊಬ್ಬನಿಗೆ ಸಹಾಯ ಮಾಡಲು ಹೋದವನು ತಾನೇ ಉಳಿದುಕೊಂಡ. 1939ರಿಂದ ಅದೇ ಊರಿನ ಸಂತ ತೋಮಸರ ಆಸ್ಪತ್ರೆಯಲ್ಲಿ ಸಿಸ್ಟರ್ ಇಗ್ನೇಷಿಯಾ ಅವರು ಡಾ. ಬಾಬ್ ಜೊತೆ ಸೇರಿ ಕುಡಿತದವರನ್ನು ರೋಗಿಗಳಾಗಿ ದಾಖಲಿಸಿಕೊಳ್ಳತೊಡಗಿದರು. ಆಗ ಬೇರೆ ಆಸ್ಪತ್ರೆಗಳಲ್ಲಿ ಇಂಥವರಿಗೆ ಸುಲಭವಾಗಿ ಹಾಸಿಗೆ ಸಿಗುತ್ತಿರಲಿಲ್ಲ.

ಒಂದೇ ತಿಂಗಳು ಏಕೆ, ಪೂರ್ತಿ ಬಿಡಿ ಎಂದು ಏಕೆ ಹೇಳುವುದಿಲ್ಲ ಎಂದು ಹಿರಿಯರೊಬ್ಬರು ಕೇಳಿದರು. ಡಬ್ಲಿನ್‌ನ ಕೂಲಿಕಾರ ಮ್ಯಾಟ್ ಟಾಲ್ಬಟ್ ಅವರನ್ನು ನೆನೆಯಬೇಕು. ಹನ್ನೆರಡನೇ ವಯಸ್ಸಿಗೇ ಕುಡಿತ ಹತ್ತಿಸಿಕೊಂಡವರು. 1884ರಲ್ಲಿ, 28ನೇ ವಯಸ್ಸಿನಲ್ಲಿ, ಕೈಯಲ್ಲಿ ಕಾಸಿಲ್ಲದೆ ಪಬ್‌ನ ಹೊರಗೆ ನಿಂತಾಗ, ಅವರ ದುಡ್ಡಿನಲ್ಲಿ ಎಷ್ಟೋ ಸಲ ಕುಡಿದಿದ್ದ ಗೆಳೆಯರು ಒಬ್ಬರೂ ಒಳಗೆ ಕರೆಯಲಿಲ್ಲ. ಅಂದು ಮನೆಗೆ ಹೋಗಿ ಕುಡಿಯುವುದಿಲ್ಲವೆಂದು ಗುರುಗಳ ಮುಂದೆ ಮಾತು ಕೊಡಲು ಹೊರಟರು. ಕೊಟ್ಟದ್ದು ಮೂರು ತಿಂಗಳಿಗೆ ಮಾತ್ರ. ಮುಗಿದ ಮೇಲೆ ಮುಂದುವರಿಸಿದರು, ಕೊನೆಗೆ ಜೀವನಪೂರ್ತಿ. 1925ರಲ್ಲಿ ಬಲಿಪೂಜೆಗೆ ಹೋಗುವ ದಾರಿಯಲ್ಲಿ ತೀರಿಕೊಂಡರು, 1975ರಲ್ಲಿ ಧರ್ಮಸಭೆ ಅವರನ್ನು ಪೂಜ್ಯರೆಂದು ಘೋಷಿಸಿತು. ಅವರ ಒಂದು ಅಭ್ಯಾಸ ನನಗೆ ಬಹಳ ಇಷ್ಟ: ಜೇಬಿನಲ್ಲಿ ದುಡ್ಡಿಟ್ಟುಕೊಂಡು ಹೊರಗೆ ಹೋಗುತ್ತಿರಲಿಲ್ಲ. ಈಗ ನಮ್ಮ ಫೋನೇ ಜೇಬು, ಅದೊಂದು ಕಷ್ಟ!

ಆಗಸ್ಟ್ ಆರಿಸಿದ್ದಕ್ಕೂ ಮಾದರಿಯಿದೆ. ಪೋಲೆಂಡಿನ ಧರ್ಮಾಧ್ಯಕ್ಷರು 1984ರಿಂದ ಆಗಸ್ಟ್ ತಿಂಗಳು ಸ್ವಇಚ್ಛೆಯಿಂದ ಮದ್ಯ ಬಿಡುವಂತೆ ಜನರನ್ನು ಕೇಳಿಕೊಳ್ಳುತ್ತ ಬಂದಿದ್ದಾರೆ. ನಮಗೆ ಆಗಸ್ಟ್ 15 ಮಾತೆ ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬ, ಸ್ವಾತಂತ್ರ್ಯ ದಿನ, ಜೊತೆಗೆ ಅಂಗಡಿಗೆ ರಜೆ. ತಿರುವಳ್ಳುವರ್ ದಿನದಂತೆ ಇಲ್ಲಿ ಮಾತ್ರ ರಜೆಯಿದ್ದರೆ ನಮ್ಮವರು ಅತ್ತಿಬೆಲೆ ದಾಟಿಬಿಡುತ್ತಾರೆ. ಅಂದು ಗಡಿಯ ಆಚೆಯೂ ಮುಚ್ಚಿರುತ್ತದೆ.

ಕಾನೂನಿನಿಂದಲೇ ಆಗುವುದಾದರೆ ನಮ್ಮ ಸೀಮೆಯಲ್ಲಿ ಯಾವತ್ತೋ ಆಗಬೇಕಿತ್ತು. ಹೊಸೂರು ಆಗ ಸೇಲಂ ಜಿಲ್ಲೆಯಲ್ಲಿತ್ತು. 1937ರ ಅಕ್ಟೋಬರ್ 1ರಂದು ರಾಜಾಜಿಯವರು ಪಾನನಿಷೇಧ ತಂದದ್ದು ಆ ಜಿಲ್ಲೆಯಲ್ಲೇ. 1971ರಲ್ಲಿ ರಾಜ್ಯದ ನಿಷೇಧ ತೆಗೆದರು, ಮತ್ತೆ ತಂದರು, ಮತ್ತೆ ತೆಗೆದರು. 2003ರಿಂದ ಸರ್ಕಾರಿ ಟಾಸ್ಮಾಕೇ ಚಿಲ್ಲರೆ ಮಾರಾಟ ನಡೆಸುತ್ತಿದೆ.

ಇನ್ನು ನಾನು ಓದಿದ ಬಿ.ಎಸ್ಸಿ.ಗೆ ಸ್ವಲ್ಪ ಕೆಲಸ ಕೊಡುತ್ತೇನೆ. ಒಂದು ಕ್ವಾರ್ಟರ್ ಎಂದರೆ 180 ಮಿ.ಲೀ. ಲೇಬಲ್ ಮೇಲೆ ಸಾಮಾನ್ಯವಾಗಿ 42.8% ಎಂದಿರುತ್ತದೆ. ಅಂದರೆ ಒಳಗಿರುವ ಶುದ್ಧ ಆಲ್ಕೋಹಾಲ್ ಸುಮಾರು 77 ಮಿ.ಲೀ., ತೂಕದಲ್ಲಿ ಸುಮಾರು 61 ಗ್ರಾಂ. ನಮ್ಮ ಯಕೃತ್ತು ಗಂಟೆಗೆ ಸುಮಾರು 7ರಿಂದ 10 ಗ್ರಾಂ ಮಾತ್ರ ಕರಗಿಸುತ್ತದೆ. ಮಜ್ಜಿಗೆ, ನಿಂಬೆಹಣ್ಣು, ಕಾಫಿ, ತಣ್ಣೀರು ಸ್ನಾನ ಯಾವುದೂ ಅದರ ವೇಗ ಹೆಚ್ಚಿಸುವುದಿಲ್ಲ. ಹಾಗಾದರೆ ಒಂದು ಕ್ವಾರ್ಟರ್ ಕರಗಲು ಆರರಿಂದ ಎಂಟೂವರೆ ಗಂಟೆ ಬೇಕು. ರಾತ್ರಿ ಹತ್ತಕ್ಕೆ ಮುಗಿಸಿ ಮಲಗಿದವನು ಬೆಳಗ್ಗೆ ಐದಕ್ಕೆ ಮೊದಲ ಶಿಫ್ಟಿನ ಬಸ್ಸಿಗೆ ಬೈಕ್ ಹತ್ತಿದಾಗ ರಕ್ತದಲ್ಲಿ ಇನ್ನೂ ಉಳಿದಿರಬಹುದು. ಕುಡಿದರೆ ನಿದ್ದೆ ಬರುತ್ತದೆ ಎನ್ನುತ್ತೇವೆ. ಬೇಗ ಬರುವುದು ನಿಜ, ಆದರೆ ರಾತ್ರಿಯ ಎರಡನೇ ಅರ್ಧದಲ್ಲಿ ಅದು ಒಡೆದುಹೋಗುತ್ತದೆ. ನಮ್ಮ ಗುಂಪಿನಲ್ಲಿ ಮೊದಲ ವಾರ ನಿದ್ದೆಯಿಲ್ಲ ಎಂದು ಗೊಣಗಿದವರೇ ಮೂರನೇ ವಾರ ಅಲಾರಂಗಿಂತ ಮೊದಲೇ ಎದ್ದೆ ಎಂದು ಹೇಳಿದರು.

ಈಗ ಹೇಳುವುದನ್ನು ದಯವಿಟ್ಟು ನಿಧಾನವಾಗಿ ಓದಿ. ಕಳೆದ ವರ್ಷ ನಮ್ಮ ಪೋಸ್ಟರಿನಲ್ಲಿ "ಆಗಸ್ಟ್ 1ರಿಂದ ಒಂದು ಹನಿಯೂ ಬೇಡ" ಎಂದಷ್ಟೇ ಹಾಕಿದ್ದೆವು. ಬರೆದವನು ನಾನೇ. ಅದನ್ನು ಓದಿ, ಹೆಸರು ಕೊಡದೆ, ವರ್ಷಗಳಿಂದ ದಿನವೂ ಬೆಳಗ್ಗಿನಿಂದಲೇ ಕುಡಿಯುತ್ತಿದ್ದ ಹಿರಿಯರೊಬ್ಬರು ಒಮ್ಮೆಲೇ ನಿಲ್ಲಿಸಿದರು. ಮೊದಲ ದಿನ ಕೈ ನಡುಕ, ಬೆವರು. ಮೂರನೇ ರಾತ್ರಿ ಗೋಡೆಯ ಮೇಲೆ ಹುಳು ಹರಿಯುತ್ತಿದೆ ಎಂದು ಕೂಗಿ, ತೀರಿಹೋದ ಅಣ್ಣನ ಜೊತೆ ಮಾತಾಡತೊಡಗಿದರು. ಮನೆಯವರು ದೆವ್ವ ಮೆಟ್ಟಿದೆ ಎಂದು ಪ್ರಾರ್ಥನೆಗೆ ಜನ ಕರೆದರು. ಹಾಗೆ ಬಂದವರಲ್ಲಿ ನರ್ಸ್ ಆಗಿದ್ದ ಸಿಸ್ಟರ್ ಒಬ್ಬರು ನೋಡಿದ ಕೂಡಲೇ ಆಟೋ ತರಿಸಿದರು. ಅವರು ಉಳಿದರು, ಈಗಲೂ ಭಾನುವಾರ ಕಾಣಿಸುತ್ತಾರೆ. ಆದರೆ ಆ ಪೋಸ್ಟರ್ ನೆನಪಾದರೆ ನನಗೆ ಇವತ್ತಿಗೂ ಹೊಟ್ಟೆ ತೊಳಸುತ್ತದೆ.

ಆಗಿದ್ದೇನು? ಆಲ್ಕೋಹಾಲ್ ಮಿದುಳಿಗೆ ಬ್ರೇಕ್ ಹಾಕುತ್ತದೆ. ದಿನವೂ ಬ್ರೇಕ್ ಒತ್ತಿರುವುದರಿಂದ ಮಿದುಳು ತಾನೇ ಆಕ್ಸಿಲರೇಟರ್ ಒತ್ತಿ ಸರಿದೂಗಿಸಿಕೊಳ್ಳುತ್ತದೆ. ಬ್ರೇಕನ್ನು ಒಮ್ಮೆಲೇ ತೆಗೆದರೆ ಆಕ್ಸಿಲರೇಟರ್ ಮಾತ್ರ ಉಳಿಯುತ್ತದೆ. ನಡುಕ ಆರು ಗಂಟೆಯೊಳಗೇ ಶುರುವಾಗಬಹುದು, ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಇಂಥ ಭ್ರಮೆ ಬರಬಹುದು. ಚಿಕಿತ್ಸೆಯಿಲ್ಲದಿದ್ದರೆ ಪ್ರಾಣವೇ ಹೋಗಬಹುದು. ಚಿಕಿತ್ಸೆ ಇದೆ: ವೈದ್ಯರು ಔಷಧಿಯನ್ನು ದಿನದಿನಕ್ಕೆ ಇಳಿಸುತ್ತಾ, ಬಿ1 ಜೀವಸತ್ವ ಕೊಟ್ಟು, ಕೆಲವು ದಿನಗಳಲ್ಲಿ ಸುರಕ್ಷಿತವಾಗಿ ಬಿಡಿಸುತ್ತಾರೆ. ಬೆಳಗ್ಗೆ ಎದ್ದ ಕೂಡಲೇ ಕುಡಿಯಬೇಕೆನಿಸುವವರು, ಕುಡಿಯದಿದ್ದರೆ ಕೈ ನಡುಗುವವರು, ಹಿಂದೆ ಫಿಟ್ಸ್ ಬಂದವರು ನಮ್ಮ ತಿಂಗಳಿಗೆ ಸೇರುವ ಮೊದಲು ವೈದ್ಯರ ಬಳಿ ಹೋಗಲೇಬೇಕು. ಒಬ್ಬರೇ ಹೋಗಲು ಸಂಕೋಚವಾದರೆ ಜೋಡಿಯವರು ಜೊತೆಗೆ ಬರುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕಾಗಿಯೇ ವಿಭಾಗವಿದೆ. ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ 14446, ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ 14416.

ಕಳೆದ ವರ್ಷ ಏಳು ಜನ 31 ದಿನ ಪೂರೈಸಿದರು. ನನ್ನನ್ನೂ ಸೇರಿ ಮೂವರು ಜಾರಿ ಮತ್ತೆ ಎದ್ದೆವು. ಇಬ್ಬರು ಬಿಟ್ಟುಹೋದರು. ಅವರ ಮನೆಗೆ ಯಾರೂ ಹೋಗಿ ವಿಚಾರಿಸಲಿಲ್ಲ, ಆ ತಪ್ಪು ಈ ಸಲ ಆಗಬಾರದು. ಇನ್ನೊಂದು ಮಾತು: ಹೆಂಡತಿಯನ್ನೋ ತಾಯಿಯನ್ನೋ ಜೋಡಿಯಾಗಿ ಹಾಕಿಕೊಳ್ಳಬೇಡಿ. ಬಾಯಿ ಮೂಸಿ ನೋಡುವ ಪೊಲೀಸ್ ಕೆಲಸವನ್ನು ಅವರು ಸಾಕಷ್ಟು ಮಾಡಿದ್ದಾರೆ. ಅವರಿಗೂ ಒಂದು ತಿಂಗಳು ರಜೆ ಸಿಗಲಿ. ಕುಡಿಯದವರೂ ಜೋಡಿಯಾಗಿ ಸೇರಬಹುದು. ಕನ್ನಡ, ತಮಿಳು, ತೆಲುಗು ಯಾವ ಬಲಿಪೂಜೆಯವರಾದರೂ ಸರಿ.

ಜುಲೈ ತಿಂಗಳ ಕೊನೆಯ ಎರಡು ಭಾನುವಾರ ಬಲಿಪೂಜೆಯ ನಂತರ ಧರ್ಮೋಪದೇಶದ ಕೋಣೆಯಲ್ಲಿ ಹೆಸರು ಬರೆಸಬಹುದು. ಪುಸ್ತಕವನ್ನು ಮೇಜಿನ ಮೇಲೆ ತೆರೆದಿಡುವುದಿಲ್ಲ, ನನ್ನ ಕೈಯಲ್ಲೇ ಇರುತ್ತದೆ. ಲಾರಿ ಅಣ್ಣ ಈ ವರ್ಷವೂ ಬರುತ್ತಾರೆ. ಆದರೆ ನನ್ನ ಜೋಡಿಯಾಗಿ ಅಲ್ಲ, ಹೊಸಬರಿಗೆ ಬೇಕು ಎಂದಿದ್ದಾರೆ. ಹಾಗಾಗಿ ಏಳು ಗಂಟೆಗೆ ನನಗೆ ಫೋನ್ ಮಾಡುವ ಒಬ್ಬರು ಬೇಕಾಗಿದ್ದಾರೆ.